ಡಿಸ್ಕ್ ಬದಲಾಯಿಸಿದಾಗ ಇಮೇಜಿನ ಜೊತೆಗೆ ಬೇಕಾಗಿ ಬಂದದ್ದು: ನನ್ನ ಅನುಭವ

ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನ 500 ಜಿಬಿ ಹಾರ್ಡ್‌ಡಿಸ್ಕ್ ಕೆಲವು ಫೋಲ್ಡರುಗಳನ್ನು ತೆರೆಯಲು ವಿಪರೀತ ಹೊತ್ತು ತೆಗೆದುಕೊಳ್ಳತೊಡಗಿದಾಗ, ಸ್ಮಾರ್ಟ್‌ಸಿಟಿಎಲ್ ಕಮಾಂಡಿನಿಂದ ಅದರ ಆರೋಗ್ಯವನ್ನು ಪರೀಕ್ಷಿಸಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಣುಕುಗಳ) ಲೆಕ್ಕ ತೋರಿಸುವ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನಲ್ಲಿ ಅದುವರೆಗೆ ಸೊನ್ನೆ ಇದ್ದ ಜಾಗದಲ್ಲಿ 8 ಎಂದು ಬಂದಿತ್ತು. ಮದರ್‌ಬೋರ್ಡನ್ನೂ ಬದಲಾಯಿಸುವ ಯೋಚನೆ ಮೊದಲೇ ಇದ್ದುದರಿಂದ, ಎರಡೂ ಕೆಲಸವನ್ನು ಒಟ್ಟಿಗೆ ಮುಗಿಸಿ, ಹಳೆಯ ಡೆಬಿಯನ್ (ಲಿನಕ್ಸಿನ ಒಂದು ರೂಪ) ವ್ಯವಸ್ಥೆಯನ್ನು ಇದ್ದ ಹಾಗೆಯೇ ಹೊಸ ಎನ್‌ವಿಎಂಇ ಎಂಬ ವೇಗದ ಬಗೆಯ ಡಿಸ್ಕಿಗೆ ಸಾಗಿಸಲು ನಿರ್ಧರಿಸಿದೆ. ಪಾರ್ಟಿಷನ್ನುಗಳ, ಅಂದರೆ ಡಿಸ್ಕಿನ ವಿಭಾಗಗಳ, ಇಮೇಜ್ (ಇದ್ದ ಹಾಗೆಯೇ ತೆಗೆದ ನಕಲು) ಕೈಯಲ್ಲಿದ್ದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಆದರೆ ಒಂದು ಕಂಪ್ಯೂಟರ್ ಏಳಲು ಬೇಕಾದ ಮಾಹಿತಿಯೆಲ್ಲ ಪಾರ್ಟಿಷನ್ನಿನ ಒಳಗೆ ಇರುವುದಿಲ್ಲ.

ಬಳಕೆಯಲ್ಲಿರುವ ಪಾರ್ಟಿಷನ್ನನ್ನು ನಕಲು ಮಾಡಲು ಹೊರಟರೆ, ಮೊದಲ ಭಾಗ ನಕಲಾಗಿ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಒಳಗಿನ ಕಡತಗಳು ಬದಲಾಗಿ, ಇಮೇಜಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಡಿಸ್ಕಿನ ನೆರವಿಲ್ಲದೆ ತನ್ನಿಂದಲೇ ಲಿನಕ್ಸ್ ನಡೆಸುವ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಇಲ್ಲಿ ಮೊದಲ ಎಚ್ಚರಿಕೆ ಬೇಕಾಯಿತು: ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರಿನಲ್ಲಿ ದಿನವೂ ಎಸ್‌ಡಿಎ ಆಗಿದ್ದ ನನ್ನ ಹಾರ್ಡ್‌ಡಿಸ್ಕ್ ಆ ದಿನ ಎಸ್‌ಡಿಬಿ ಆಗಿತ್ತು, ಪೆನ್‌ಡ್ರೈವ್ ಎಸ್‌ಡಿಎ ಆಗಿತ್ತು. ಈ ಹೆಸರುಗಳು ಯಂತ್ರಾಂಶ ಪತ್ತೆಯಾದ ಕ್ರಮವನ್ನು ಅವಲಂಬಿಸಿರುವುದರಿಂದ ಅವನ್ನು ನಂಬಿ, ಡಿಸ್ಕನ್ನು ಇದ್ದ ಹಾಗೆಯೇ ನಕಲು ಮಾಡುವ ಡಿಡಿಯಂತಹ ಕಮಾಂಡ್ ಕೊಡುವುದು ಅಪಾಯ. ಮೂಲ ಮತ್ತು ಗುರಿ ಅದಲು ಬದಲಾದರೆ ಅದು ಒಂದು ಮಾತೂ ಕೇಳದೆ ಒಳ್ಳೆಯ ಡಿಸ್ಕಿನ ಮೇಲೆ ಬರೆಯಲು ಶುರುಮಾಡುತ್ತದೆ. ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡಿಗೆ ಮಾದರಿಯ ಹೆಸರು ಮತ್ತು ಸೀರಿಯಲ್ ಸಂಖ್ಯೆಯ ಕಾಲಂಗಳನ್ನೂ ತೋರಿಸಲು ಹೇಳಿ, ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ.

ವ್ಯವಸ್ಥೆಯ ಕಡತಗಳಿರುವ ರೂಟ್ ಪಾರ್ಟಿಷನ್ 40 ಜಿಬಿ ಇದ್ದರೂ ತುಂಬಿದ್ದದ್ದು 13 ಜಿಬಿ ಮಾತ್ರ. ಡಿಡಿ ಖಾಲಿ ಜಾಗವನ್ನೂ ಸೇರಿಸಿ ಪೂರ್ತಿ 40 ಜಿಬಿಯನ್ನು ಓದುತ್ತದೆ. ಪಾರ್ಟ್‌ಕ್ಲೋನ್ ಫೈಲ್‌ಸಿಸ್ಟಮ್ ಅನ್ನು (ಕಡತಗಳನ್ನು ಜೋಡಿಸಿಟ್ಟ ಕ್ರಮವನ್ನು) ಅರ್ಥಮಾಡಿಕೊಂಡು ಬಳಕೆಯಾದ ಬ್ಲಾಕುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಡಿಸ್ಕ್ ನಕಲಿನ ತಂತ್ರಾಂಶವಾದ ಕ್ಲೋನ್‌ಜಿಲ್ಲಾ ತನ್ನ ಒಳಗೆ ಬಳಸುವುದೂ ಇದನ್ನೇ. ರೂಟ್ ಭಾಗಕ್ಕೆ ಇದು ಸಲೀಸಾಗಿ ಆಯಿತು. ಕೆಟ್ಟ ಸೆಕ್ಟರುಗಳಿದ್ದ, ನನ್ನ ಸ್ವಂತ ಕಡತಗಳ ಹೋಮ್ ಪಾರ್ಟಿಷನ್ನಿಗೆ ಮಾತ್ರ ಡಿಡಿರೆಸ್ಕ್ಯೂ ಬೇಕಾಯಿತು. ಇದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವ ಜಾಗವನ್ನೆಲ್ಲ ಬೇಗ ಬಾಚಿಕೊಂಡು, ಕಷ್ಟಕೊಡುವ ಜಾಗವನ್ನು ಹಾರಿ, ಎಲ್ಲೆಲ್ಲಿ ಏನು ಉಳಿಯಿತು ಎಂಬುದನ್ನು ಒಂದು ನಕ್ಷೆ ಕಡತದಲ್ಲಿ ಬರೆದಿಡುತ್ತದೆ. ನಡುವೆ ನಿಲ್ಲಿಸಿದರೂ ಆ ನಕ್ಷೆಯ ನೆರವಿನಿಂದ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಸಾಯುತ್ತಿರುವ ಡಿಸ್ಕನ್ನು ಮತ್ತೆ ಮತ್ತೆ ಓದಿಸಿ ದಣಿಸುವುದಕ್ಕಿಂತ ಇದೇ ಸರಿಯಾದ ದಾರಿ. ಮೂರು ಸಲ ಮರುಪ್ರಯತ್ನಿಸಿದ ಮೇಲೆ ಓದಲಾಗದೆ ಉಳಿದದ್ದು 4096 ಬೈಟ್, ಅಂದರೆ 512 ಬೈಟುಗಳ ಎಂಟು ಸೆಕ್ಟರು. ಸ್ಮಾರ್ಟ್‌ಸಿಟಿಎಲ್ ತೋರಿಸಿದ್ದ 8 ಎಂಬ ಲೆಕ್ಕ ಇಲ್ಲಿ ಕರಾರುವಾಕ್ಕಾಗಿ ಕೂಡಿಬಂತು.

ಇಮೇಜುಗಳನ್ನು ಇರಿಸಿದ ಹೊರಗಿನ ಡಿಸ್ಕನ್ನು ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಆಗಿ ಫಾರ್ಮ್ಯಾಟ್ ಮಾಡಿಕೊಂಡಿದ್ದೆ, ಏಕೆಂದರೆ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಪ್ರತಿ ಇಮೇಜಿಗೂ, ಅದು ಕೆಟ್ಟಿಲ್ಲವೆಂದು ಮುಂದೆ ಪರೀಕ್ಷಿಸಲು ನೆರವಾಗುವ ಶಾ256 ಮೊತ್ತವನ್ನು ಬರೆದಿಟ್ಟೆ. ಎಸ್‌ಜಿಡಿಸ್ಕ್ ಕಮಾಂಡಿನಿಂದ ಜಿಪಿಟಿ ಪಾರ್ಟಿಷನ್ ಟೇಬಲ್ಲನ್ನು (ಯಾವ ವಿಭಾಗ ಎಲ್ಲಿದೆ ಎಂಬ ಪಟ್ಟಿಯನ್ನು) ಉಳಿಸಿಕೊಂಡು, ಬೂಟ್ ಕಡತಗಳಿರುವ ಇಎಫ್‌ಐ ಪಾರ್ಟಿಷನ್ನನ್ನು ಪ್ರತ್ಯೇಕವಾಗಿ ನಕಲು ಮಾಡಿಕೊಂಡೆ. ಮೆಮೊರಿ ಸಾಲದಾಗ ತಾತ್ಕಾಲಿಕವಾಗಿ ಬಳಕೆಯಾಗುವ ಸ್ವಾಪ್ ಪಾರ್ಟಿಷನ್ನಿನಲ್ಲಿ ಉಳಿಸುವಂಥದ್ದು ಏನಿದೆ ಎಂದು ಅದನ್ನು ಕೈಬಿಟ್ಟೆ.

ಹೊಸ ಡಿಸ್ಕಿಗೆ ಟೇಬಲ್ಲನ್ನು ಹಾಕುವಾಗ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ. ಜಿಪಿಟಿ ತನ್ನ ಎರಡನೆಯ ಪ್ರತಿಯನ್ನು ಡಿಸ್ಕಿನ ತುತ್ತತುದಿಯಲ್ಲಿ ಇಡುವುದರಿಂದ, ಹೊಸ ಡಿಸ್ಕ್ ದೊಡ್ಡದಾಗಿದ್ದರೆ ಆ ಪ್ರತಿ ಮಧ್ಯದಲ್ಲೆಲ್ಲೋ ಉಳಿದುಬಿಡುತ್ತದೆ; ಅದನ್ನು ಹೊಸ ತುದಿಗೆ ಸರಿಸಬೇಕು. ಅದೂ ಆಯಿತು, ಇಮೇಜುಗಳೂ ತಮ್ಮ ತಮ್ಮ ಜಾಗ ಸೇರಿದವು. ಆದರೆ ಕಂಪ್ಯೂಟರ್ ಆನ್ ಮಾಡಿದರೆ ಬೂಟ್ ಮಾಡಬಹುದಾದ ಡಿಸ್ಕೇ ಇಲ್ಲ ಎಂಬ ಸಂದೇಶ ಬಂತು.

ಕಾರಣ ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು. ಯುಇಎಫ್‌ಐ ಎಂಬ ಬೂಟ್ ಪದ್ಧತಿಯಲ್ಲಿ ‘ಡೆಬಿಯನ್ ಇಂಥ ಡಿಸ್ಕಿನ ಇಂಥ ಕಡತದಲ್ಲಿದೆ’ ಎಂಬ ನಮೂದು ಡಿಸ್ಕಿನಲ್ಲಿರುವುದಿಲ್ಲ, ಮದರ್‌ಬೋರ್ಡಿನ ಸ್ಮರಣೆಯಲ್ಲಿರುತ್ತದೆ. ಹಳೆಯ ಬೋರ್ಡಿನ ಜೊತೆಗೆ ಆ ನಮೂದೂ ಹೋಗಿತ್ತು. ಇಎಫ್‌ಐ ಪಾರ್ಟಿಷನ್ನಿನ ‘ಬೂಟ್’ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಎಂಬ ಕಡತವಿದ್ದರೆ ಹೊಸ ಬೋರ್ಡ್ ಅದನ್ನು ತಾನಾಗಿ ಹುಡುಕಿಕೊಳ್ಳುತ್ತಿತ್ತು, ನನ್ನಲ್ಲಿ ಅದು ಇರಲಿಲ್ಲ. ಲೈವ್ ಪೆನ್‌ಡ್ರೈವಿನಿಂದ ಮತ್ತೆ ಎದ್ದು, ರೂಟ್ ಮತ್ತು ಇಎಫ್‌ಐ ಪಾರ್ಟಿಷನ್ನುಗಳನ್ನು ಮೌಂಟ್ ಮಾಡಿ, ಚಾಲನೆಯಲ್ಲಿರುವ ವ್ಯವಸ್ಥೆಯ ಡೆವ್, ಪ್ರೊಕ್, ಸಿಸ್, ರನ್ ಫೋಲ್ಡರುಗಳನ್ನು ಅದಕ್ಕೆ ಜೋಡಿಸಿ, ಸಿಎಚ್‌ರೂಟ್ ಎಂಬ ಕಮಾಂಡಿನ ಮೂಲಕ ಡಿಸ್ಕಿನ ವ್ಯವಸ್ಥೆಯ ಒಳಹೊಕ್ಕು, ಬೂಟ್ ಶುರುಮಾಡುವ ತಂತ್ರಾಂಶವಾದ ಗ್ರಬ್ ಅನ್ನು ಮರುಸ್ಥಾಪಿಸಿದೆ. ಪೆನ್‌ಡ್ರೈವೂ ಯುಇಎಫ್‌ಐ ವಿಧಾನದಲ್ಲೇ ಬೂಟ್ ಆಗಿರದಿದ್ದರೆ ಈ ನಮೂದನ್ನು ಬರೆಯಲಾಗುವುದಿಲ್ಲ. ಸಿಸ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಇಎಫ್‌ಐ ಎಂಬ ಉಪಫೋಲ್ಡರ್ ಇದೆಯೇ ಎಂದು ನೋಡಿದರೆ ಅದು ಖಚಿತವಾಗುತ್ತದೆ.

ಈಗ ಗ್ರಬ್ ಮೆನು ಬಂತು, ವ್ಯವಸ್ಥೆಯ ತಿರುಳಾದ ಕರ್ನಲ್ ಲೋಡ್ ಆಯಿತು, ಅಲ್ಲಿಗೇ ನಿಂತಿತು. ರೂಟ್ ಪಾರ್ಟಿಷನ್ನಿನ ಯುಯುಐಡಿ (ಗುರುತಿನ ಸಂಖ್ಯೆ) ಸಿಗುತ್ತಿಲ್ಲ ಎಂದು ಹೇಳಿ ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗುವವರೆಗೆ ಕೆಲಸ ಮಾಡುವ ಪುಟ್ಟ ಆರಂಭಿಕ ವ್ಯವಸ್ಥೆ) ಪ್ರಾಂಪ್ಟ್ ತೋರಿಸಿತು. ಡೆವ್ ಫೋಲ್ಡರಿನ ಪಟ್ಟಿಯನ್ನು ನೋಡಿದರೆ ಅದರಲ್ಲಿ ಎನ್‌ವಿಎಂಇ ಎಂಬ ಹೆಸರೇ ಇರಲಿಲ್ಲ. ತಪ್ಪು ನನ್ನದೇ ಆಗಿತ್ತು. ಹಿಂದೊಮ್ಮೆ ಬೂಟ್ ಕಡತ ಚಿಕ್ಕದಾಗಲಿ ಎಂದು ಇನಿಟ್‌ರಾಮ್‌ಎಫ್‌ಎಸ್‌ನ ಮಾಡ್ಯೂಲ್ಸ್ ಎಂಬ ಆಯ್ಕೆಯನ್ನು ‘ಮೋಸ್ಟ್’ನಿಂದ ‘ಡೆಪ್’ಗೆ ಬದಲಾಯಿಸಿದ್ದೆ. ಡೆಬಿಯನ್ನಿನ ಮೂಲ ಆಯ್ಕೆಯಾದ ‘ಮೋಸ್ಟ್’ ಬಹುತೇಕ ಎಲ್ಲ ಡಿಸ್ಕ್ ಡ್ರೈವರುಗಳನ್ನೂ ಸೇರಿಸಿಕೊಳ್ಳುತ್ತದೆ, ‘ಡೆಪ್’ ಆಗ ಇದ್ದ ಯಂತ್ರಾಂಶಕ್ಕೆ ಬೇಕಾದದ್ದನ್ನು ಮಾತ್ರ. ಹಳೆಯ ಯಂತ್ರದಲ್ಲಿ ಎನ್‌ವಿಎಂಇ ಇರಲಿಲ್ಲವಾದ್ದರಿಂದ ಅದರ ಡ್ರೈವರೂ ಇರಲಿಲ್ಲ. ಮತ್ತೆ ಸಿಎಚ್‌ರೂಟ್ ಮಾಡಿ ಆಯ್ಕೆಯನ್ನು ಹಿಂದಿನಂತೆ ಬದಲಿಸಿ, ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟಿದ ಮೇಲೆ ವ್ಯವಸ್ಥೆ ಎದ್ದಿತು.

ಎದ್ದರೂ ಪ್ರತಿ ಸಲ 90 ಸೆಕೆಂಡು ತಡ. ನಾನು ಕೈಬಿಟ್ಟಿದ್ದ ಸ್ವಾಪ್ ಇದಕ್ಕೆ ಕಾರಣ: ಹೊಸದಾಗಿ ಮಾಡಿದ ಸ್ವಾಪ್‌ಗೆ ಹೊಸ ಯುಯುಐಡಿ ಬಂದಿತ್ತು, ಬೂಟ್ ವೇಳೆ ಜೋಡಿಸಬೇಕಾದ ಪಾರ್ಟಿಷನ್ನುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತ ಹಳೆಯದನ್ನೇ ಕೇಳುತ್ತಿತ್ತು, ವ್ಯವಸ್ಥೆಯನ್ನು ಎಬ್ಬಿಸುವ ಸಿಸ್ಟಮ್‌ಡಿ ಬಾರದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾಯುತ್ತಿತ್ತು. ಹಳೆಯ ಸಂಖ್ಯೆಯನ್ನೇ ಕೊಟ್ಟು ಸ್ವಾಪ್ ಅನ್ನು ಮರುರಚಿಸಿದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಅದು ಕುಳಿತ ಪಿಸಿಐ ಜಾಗದಿಂದ ಬರುವುದರಿಂದ ಇಎನ್‌ಪಿ3ಎಸ್0 ಹೋಗಿ ಇಎನ್‌ಪಿ5ಎಸ್0 ಆಗಿತ್ತು, ಅದನ್ನು ಸಂರಚನೆಯಲ್ಲಿ ತಿದ್ದಿದೆ. ವೈಫೈ ಮಾತ್ರ ಕಾಣಿಸಲೇ ಇಲ್ಲ. ಬೋರ್ಡಿಗೆ ಜೋಡಿಸಿದ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡಿಗೆ ಸಂಖ್ಯೆ ಮತ್ತು ಡ್ರೈವರ್ ಎರಡನ್ನೂ ತೋರಿಸಲು ಹೇಳಿದಾಗ ಕಾರ್ಡೂ ಇತ್ತು, ಡ್ರೈವರೂ ಇತ್ತು. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಲೋಡ್ ಆಗಲಿಲ್ಲ ಎಂಬ ಸಾಲು ಸಿಕ್ಕಿತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಇಂತಹ ಫರ್ಮ್‌ವೇರುಗಳಿಗೆ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗವಿದೆ. ಹಳೆಯ ಆವೃತ್ತಿಯಿಂದ ಮೇಲೇರಿಸಿಕೊಂಡು ಬಂದ ನನ್ನ ವ್ಯವಸ್ಥೆಯ ಮೂಲಗಳ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಸೇರಿಸಿ, ಪ್ಯಾಕೇಜ್ ಹಾಕಿದ ಮೇಲೆ ವೈಫೈ ಬಂತು.

ಈ ಎಲ್ಲದರ ನಡುವೆ ನನ್ನನ್ನು ಅತ್ಯಂತ ಗೊಂದಲಕ್ಕೆ ತಳ್ಳಿದ್ದು ಬೇರೆಯೇ. ಒಂದು ಕಡತವನ್ನು ಹೋಲಿಸಲೆಂದು ಹಳೆಯ ಡಿಸ್ಕನ್ನೂ ಹೊಸ ಬೋರ್ಡಿಗೆ ಜೋಡಿಸಿ ಬೂಟ್ ಮಾಡಿದ್ದೆ. ಅಂದು ಅರ್ಧ ಗಂಟೆ ಕುಳಿತು ಮಾಡಿದ ಸಂರಚನೆಯ ಬದಲಾವಣೆಗಳು ಮರುದಿನ ಆ ಡಿಸ್ಕನ್ನು ತೆಗೆದು ನೋಡಿದಾಗ ಮಾಯವಾಗಿದ್ದವು. ಅದನ್ನು ಮತ್ತೆ ಜೋಡಿಸಿ ಯಾವುದು ಎಲ್ಲಿ ಮೌಂಟ್ ಆಗಿದೆ ಎಂದು ಹೇಳುವ ಫೈಂಡ್‌ಮೌಂಟ್ ಕಮಾಂಡ್ ಕೊಟ್ಟು ನೋಡಿದಾಗ, ರೂಟ್ ಆಗಿ ಮೌಂಟ್ ಆಗಿದ್ದದ್ದು ಹೊಸ ಡಿಸ್ಕಲ್ಲ, ಎಸ್‌ಡಿಎಯ ಎರಡನೆಯ ಪಾರ್ಟಿಷನ್. ಇಮೇಜ್ ಎಂದರೆ ಯುಯುಐಡಿಯೂ ಸೇರಿದ ಪಡಿಯಚ್ಚು. ಒಂದೇ ಗುರುತಿನ ಎರಡು ಪಾರ್ಟಿಷನ್ನುಗಳಲ್ಲಿ ಯಾವುದು ಸಿಗುತ್ತದೆ ಎಂಬುದಕ್ಕೆ ಭರವಸೆಯಿಲ್ಲ. ಅಂದಿನಿಂದ ಮೂಲವನ್ನೂ ನಕಲನ್ನೂ ಒಟ್ಟಿಗೆ ಇಟ್ಟುಕೊಂಡು ಬೂಟ್ ಮಾಡುವುದನ್ನು ನಿಲ್ಲಿಸಿದ್ದೇನೆ.

ಓದಲಾಗದ ಆ 4096 ಬೈಟ್ ಯಾವ ಕಡತದ್ದು ಎಂಬ ಚಿಂತೆಯೂ ನನಗಿತ್ತು. ನಕ್ಷೆ ಕಡತದಲ್ಲಿದ್ದ ಸ್ಥಾನವನ್ನು ಫೈಲ್‌ಸಿಸ್ಟಮ್‌ನ ಬ್ಲಾಕ್ ಗಾತ್ರವಾದ 4096ರಿಂದ ಭಾಗಿಸಿದರೆ ಬ್ಲಾಕ್ ಸಂಖ್ಯೆ ಸಿಗುತ್ತದೆ. ಡಿಬಗ್‌ಎಫ್‌ಎಸ್ ಎಂಬ ತಂತ್ರಾಂಶದಲ್ಲಿ ಐಚೆಕ್ ಆ ಬ್ಲಾಕಿನಿಂದ ಐನೋಡ್ (ಕಡತದ ಒಳಗುರುತು) ಸಂಖ್ಯೆಯನ್ನೂ, ಎನ್‌ಚೆಕ್ ಐನೋಡಿನಿಂದ ಕಡತದ ಹೆಸರನ್ನೂ ಕೊಡುತ್ತದೆ. ಅದೊಂದು ಕುಟುಂಬದ ಹಳೆಯ ವೀಡಿಯೊ ಆಗಿತ್ತು. ಓಡಿಸಿ ನೋಡಿದೆ: ನಡುವೆ ಒಂದೆಡೆ ಕ್ಷಣಮಾತ್ರ ಚಿತ್ರ ಚೌಕ ಚೌಕವಾಗಿ ಒಡೆದು ಮತ್ತೆ ಸರಿಯಾಗುತ್ತದೆ, ಮಾತು ಎಲ್ಲೂ ಕಡಿಯುವುದಿಲ್ಲ.

ಈಗ ಇಮೇಜುಗಳ ಪಕ್ಕದಲ್ಲಿ ಒಂದು ಪಠ್ಯ ಕಡತವನ್ನೂ ಇಡುತ್ತೇನೆ. ಅದರಲ್ಲಿ ಎಲ್ಲ ಯುಯುಐಡಿಗಳು, ಎಫ್‌ಎಸ್‌ಟ್ಯಾಬ್‌ನ ಪ್ರತಿ, ಎಲ್‌ಎಸ್‌ಪಿಸಿಐ ಮತ್ತು ಎಲ್‌ಎಸ್‌ಯುಎಸ್‌ಬಿಯ ಪೂರ್ತಿ ಪಟ್ಟಿ, ಬೂಟ್ ನಮೂದುಗಳು, ನಾನಾಗಿ ಹಾಕಿಕೊಂಡ ಪ್ಯಾಕೇಜುಗಳ ಹೆಸರು, ಡ್ರೈವರ್ ಮತ್ತು ಸಾಧನಗಳ ಬಗ್ಗೆ ಮಾಡ್‌ಪ್ರೋಬ್ ಮತ್ತು ಯುಡೆವ್‌ನಲ್ಲಿ ನಾನು ಬರೆದ ನಿಯಮಗಳು, ಪ್ರತಿಯೊಂದನ್ನೂ ಯಾಕೆ ಬರೆದೆ ಎಂಬ ಒಂದು ಸಾಲು ಇರುತ್ತವೆ. ‘ಡೆಪ್’ನಂತಹ ಬದಲಾವಣೆ ನೆನಪಿನಿಂದ ಜಾರಿಹೋಗುವುದರಿಂದ ಆ ಕೊನೆಯ ಸಾಲನ್ನು ಬದಲಾವಣೆ ಮಾಡಿದ ದಿನವೇ ಬರೆಯುತ್ತೇನೆ. ಈ ಕಡತದ ಒಂದು ಪ್ರತಿ ಲೈವ್ ಪೆನ್‌ಡ್ರೈವಿನಲ್ಲೂ ಇದೆ, ಏಕೆಂದರೆ ಅದು ಬೇಕಾಗುವುದು ಕಂಪ್ಯೂಟರ್ ಏಳದೆ ಇರುವ ಹೊತ್ತಿನಲ್ಲಿ.