ಬಲ್ಲೆ ಸವರಿ ಗುಡ್ಡೆ ಚಂದ ಮಾಡಿದ್ದೇ ನನ್ನ ದೊಡ್ಡ ತಪ್ಪು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ, ಪಯಸ್ವಿನಿ ಹೊಳೆ ಕಡೆಗೆ ಇಳಿಯುವ ಒಂದು ಗುಡ್ಡೆಯ ಬುಡದಲ್ಲಿ. ಕೆಳಗೆ ಒಂದೂವರೆ ಎಕ್ರೆ ಅಡಿಕೆ ತೋಟ, ಮೇಲೆ 4 ಎಕ್ರೆ 40 ಸೆಂಟ್ಸ್ ಗುಡ್ಡೆ ಜಾಗೆ. ಅಜ್ಜನ ಕಾಲದಲ್ಲಿ ಅಲ್ಲಿ ಕುಮೇರಿ ಕಡಿದು ಬೆಂಕಿ ಕೊಟ್ಟು ಭತ್ತ ಬಿತ್ತಿದ್ರಂತೆ, ಆಮೇಲೆ ಅಪ್ಪ ಗೇರು ಹಾಕಿದ್ರು, ಗೇರು ಮುದಿಯಾಯ್ತು, ಬೀಜ ಹೆಕ್ಲಿಕ್ಕೆ ಜನ ಸಿಗ್ಲಿಲ್ಲ, 2001ರ ಹೊತ್ತಿಗೆ ಹಾಗೇ ಬಿಟ್ಟುಬಿಟ್ರು. ಬಿಟ್ಟ ಜಾಗೆ ಸುಮ್ಮನೆ ಇರ್ತದಾ, ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು. ಮೊದ್ಲು ಕಮ್ಯುನಿಸ್ಟ್ ಗಿಡ ಅಂತ ನಾವು ಹೇಳುವ ಕಳೆ, ಮುಳಿಹುಲ್ಲು, ಅದರ ಹಿಂದೆ ಉಪ್ಪಳಿಗೆ ಮರ, ಮತ್ತೆ ಹಳೇ ಬುಡದಿಂದ ಚಿಗುರಿದ ಮರುವ, ಇರೂಳು, ಸರೋಳಿ ಮರಗಳು. ನಾನು ಕೆಲಸ ಬಿಟ್ಟು 2009ರಲ್ಲಿ ಊರಿಗೆ ವಾಪಸ್ ಬಂದಾಗ ಒಳಗೆ ನುಗ್ಗಲಿಕ್ಕೆ ಆಗದಷ್ಟು ಬಲ್ಲೆ (ಪೊದೆ) ಆಗಿತ್ತು.

ಆಗ ರಬ್ಬರಿನ ಕಾಲ. 2011ರಲ್ಲಿ ಕಿಲೋಕ್ಕೆ 200 ದಾಟಿದಾಗ ಆಚೆ ಈಚೆ ಎಲ್ಲ ಕಡೆ ಜೆಸಿಬಿ ಬಂತು, ಗುಡ್ಡೆಗೆ ಮೆಟ್ಟಿಲು ಹಾಕಿದ್ರು. ಅಪ್ಪನ ಹತ್ರ ನಾನೂ ಕೇಳಿದ್ದೆ. ಅಪ್ಪ ಹೇಳಿದ್ದು ಒಂದೇ ಮಾತು, ತೋಟಕ್ಕೆ ಸೊಪ್ಪು ಎಲ್ಲಿಂದ ತರ್ತಿ ಮತ್ತೆ, ಸುರಂಗದ ನೀರಿಗೆ ಎಂತ ಮಾಡ್ತಿ. ನಮ್ಮ ತೋಟ ಇರುವುದೇ ಆ ಗುಡ್ಡೆಯ ಬುಡದಲ್ಲಿ ಅಜ್ಜ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿಸಿದ 45 ಕೋಲು ಉದ್ದದ ಸುರಂಗದ ನೀರಿನಲ್ಲಿ. ಹಾಗಾಗಿ ಕಾಡು ಉಳಿಸಿಕೊಂಡೇ ಅದ್ರಿಂದ ಏನಾದ್ರೂ ಆದಾಯ ಮಾಡುವ ಅಂತ ಹೊರಟದ್ದು.

ಮೊದಲನೇ ವರ್ಷ ಮಾಡಿದ ತಪ್ಪನ್ನು ಮೊದ್ಲೇ ಹೇಳ್ತೇನೆ, ಯಾಕಂದ್ರೆ ಹೆಚ್ಚಿನವರು ಇದನ್ನೇ ಮಾಡುದು ನಾನು ನೋಡಿದ್ದೇನೆ. 8 ಜನ ಹಾಕಿ ಅಡಿಯ ಬಲ್ಲೆ ಪೂರ್ತಿ ಸವರಿಸಿದೆ. ಮರ ಮಾತ್ರ ನಿಂತು ನೆಲ ಪಾರ್ಕಿನ ಹಾಗೆ ಕಾಣ್ತಿತ್ತು, ನೋಡಿದವರೆಲ್ಲ ಚಂದ ಆಯ್ತು ಅಂದ್ರು. ಆದ್ರೆ ಆ ಬಲ್ಲೆಯ ಅಡಿಯಲ್ಲಿ ಧೂಪ, ರೆಂಜೆ, ಹೆಬ್ಬಲಸು, ಪುನರ್ಪುಳಿ (ಕೋಕಂ) ಎಲ್ಲ ಗೇಣುದ್ದ, ಮೊಳ ಉದ್ದ ಬಂದಿತ್ತು, ಕತ್ತಿಗೆ ಸಿಕ್ಕಿ ಹೋದದ್ದು ಅರ್ಧ, ಉಳಿದದ್ದು ಆ ಬೇಸಗೆಯ ಬಿಸಿಲಿಗೆ ಹೋಯ್ತು. ಧೂಪದ ಸಣ್ಣ ಗಿಡಕ್ಕೆ ನೆರಳು ಬೇಕೇ ಬೇಕು. ಬೆಳಕು ನೆಲಕ್ಕೆ ಬಿದ್ದಲ್ಲಿ ಮರುವರ್ಷ ಪುನಃ ಕಮ್ಯುನಿಸ್ಟ್ ಗಿಡವೇ ಎದ್ದದ್ದು, ಅಂದ್ರೆ ದುಡ್ಡು ಕೊಟ್ಟು 8 ವರ್ಷ ಹಿಂದೆ ಹೋದ ಹಾಗೆ ಆಯ್ತು. ಆವತ್ತಿಂದ ನಮ್ಮಲ್ಲಿ ಬಲ್ಲೆ ಸವರುದು ನಡೆಯಲಿಕ್ಕೆ ಬೇಕಾದ ಒಂದು ದಾರಿ ಮತ್ತು ಮೇಲಿನ ಗಡಿಯಲ್ಲಿ ಬೆಂಕಿ ಬಾರದ ಹಾಗೆ 12 ಅಡಿ ಅಗಲ, ಅಷ್ಟೇ. ಈ ಬೆಂಕಿ ಗೆರೆ ಮಾತ್ರ ಜನವರಿಯಲ್ಲಿ ತಪ್ಪಿಸುವ ಹಾಗಿಲ್ಲ. ಮೇಲೆ ಮುರಕಲ್ಲಿನ ಪದವು, ಅಂದ್ರೆ ಕಲ್ಲಿನ ಬಯಲು ಇದೆ, ಮುಳಿಹುಲ್ಲು ಒಣಗಿ ನಿಂತಿರ್ತದೆ, ಯಾರೋ ಬೀಡಿ ಎಸೆದ್ರೂ ಸಾಕು, ಒಂದು ಸಲ ಬೆಂಕಿ ಹೊಕ್ರೆ ಸಣ್ಣ ಗಿಡ ಒಂದೂ ಉಳಿಯುದಿಲ್ಲ.

ಈಗ ಮಾಡುವ ಕ್ರಮ ಹೀಗೆ. ದೀಪಾವಳಿ ಕಳೆದ ಮೇಲೆ ಒಬ್ಬನೇ ಸುಣ್ಣದ ಡಬ್ಬಿ ಹಿಡ್ಕೊಂಡು ಗುಡ್ಡೆ ಹತ್ತುದು. ನೆಟ್ಟಗೆ ಇರುವ, ತಲೆ ಆರೋಗ್ಯವಾಗಿರುವ, ಮುಂದೆ ನಿಲ್ಲಬೇಕು ಅನ್ನಿಸುವ ಮರಕ್ಕೆ ಗೆರೆ. ಅಂದಾಜು 15-20 ಅಡಿಗೆ ಒಂದು. ಆ ಮರದ ಬುಡದಲ್ಲಿ ನಿಂತು ಮೇಲೆ ನೋಡ್ಬೇಕು, ಅದರ ತಲೆಗೆ ತಲೆ ಕೊಟ್ಟು ಬೆಳಕು ಕಸಿಯುವ ಮರ ಯಾವುದು ಅಂತ, ಅದನ್ನು ಮಾತ್ರ ತೆಗೆಯುದು, ಸೌದೆಗೆ ಅಥವಾ ಕಂಬಕ್ಕೆ. ಅಡಿಯಲ್ಲಿ ಇರುವ, ಬೆಳಕಿಗೆ ಅಡ್ಡ ಬಾರದ ಮರ ಎಷ್ಟು ಸೊಟ್ಟ ಇದ್ರೂ ಮುಟ್ಟುದಿಲ್ಲ. ಮರುವದ ಹಳೇ ಬುಡದಿಂದ ಒಟ್ಟಿಗೆ 6-7 ಚಿಗುರು ಏಳ್ತದೆ, ಮೊದಲ ಸಲ 2 ಉಳಿಸಿ, 3 ವರ್ಷ ಬಿಟ್ಟು ಒಳ್ಳೆದು 1 ಉಳಿಸುದು. ಹೀಗೆ ಮಾಡಿದ ಮರುವ ಈಗ ನನ್ನ ಎರಡು ಕೈಗೂ ಸಿಗುದಿಲ್ಲ, ಪಕ್ಕದಲ್ಲಿ ಹಾಗೇ ಬಿಟ್ಟದ್ದು ಇನ್ನೂ ತೊಡೆ ಗಾತ್ರ. ಉಪ್ಪಳಿಗೆಯನ್ನು ಕಡೀಲಿಕ್ಕೆ ಅವಸರ ಮಾಡ್ಲೇಬಾರದು, ಅದು ಬೇಗ ಬೆಳೆದು ಬೇಗ ಸಾಯುವ ಮರ, ಅಷ್ಟರವರೆಗೆ ಅದರ ನೆರಳಲ್ಲಿ ಧೂಪ ಮತ್ತು ಬೋಗಿ ಮರ ಮೇಲೆ ಬರ್ತದೆ. ಫೆಬ್ರವರಿ ನಂತರ ಕತ್ತಿ ಒಳಗೆ ಹೋಗುದಿಲ್ಲ, ಹಕ್ಕಿ ಗೂಡು ಕಟ್ಟುವ ಸಮಯ.

ಬಳ್ಳಿಯದ್ದು ಬೇರೆ ಕತೆ. ಮರದ ತಲೆ ಮುಚ್ಚಿದ ಬಳ್ಳಿಯನ್ನು ಬುಡದಲ್ಲಿ ಕಡಿದು ಅಲ್ಲೇ ಒಣಗ್ಲಿಕ್ಕೆ ಬಿಡ್ಬೇಕು, ಎಳೆದ್ರೆ ಕೊಂಬೆ ಸಮೇತ ಬರ್ತದೆ. ನಾನು ಶುರುವಿಗೆ ಎಲ್ಲ ಬಳ್ಳಿಯನ್ನೂ ಕಡೀತಿದ್ದೆ. ಒಂದು ದಿನ ಕೊರಗರ ಕಾಲೊನಿಯಿಂದ ಬರುವ ಒಬ್ರು ಅಜ್ಜಿ ದಾರಿಯಲ್ಲಿ ನಿಂತು, ಅಣ್ಣೇರೆ ಬುಟ್ಟಿ ಹೆಣೆಯುವ ಬೀಳು ಕೂಡ ಕಡಿದ್ರಲ್ಲ, ನಾವು ಇನ್ನು ಎಲ್ಲಿಗೆ ಹೋಗುದು ಅಂತ ಕೇಳಿದ್ರು. ನನಗೆ ಆವತ್ತು ತುಂಬ ಬೇಜಾರಾಯ್ತು. ಅವರನ್ನೇ ಕರ್ಕೊಂಡು ಹೋಗಿ ಯಾವುದು ಬುಟ್ಟಿಗೆ ಆಗುವ ಬೀಳು ಅಂತ ಒಂದೊಂದಾಗಿ ತೋರಿಸ್ಲಿಕ್ಕೆ ಹೇಳಿದೆ. ಅದೆಲ್ಲ ಈಗ ಹಾಗೇ ಇದೆ, ಅವರ ಮನೆಯವರು ಬಂದು ಅವರಿಗೆ ಬೇಕಾದಷ್ಟು ಕೊಯ್ದುಕೊಳ್ತಾರೆ, ನಮ್ಮ ಅಡಿಕೆ ಬುಟ್ಟಿಗಳು ಅವರದ್ದೇ.

ಆದಾಯದಲ್ಲಿ ಮುಖ್ಯ ಒಳ್ಳೆಮೆಣಸು (ಕಾಳುಮೆಣಸು) ಮತ್ತು ಪುನರ್ಪುಳಿ. ಮೆಣಸಿನ ಬಳ್ಳಿ ಕಾಡಿನ ಅಂಚಿನ ಮರಗಳಿಗೆ ಮಾತ್ರ ಬಿಟ್ಟಿದ್ದೇನೆ. ಪಣಿಯೂರು 1 ತಳಿ ಹಾಕಿ ನೋಡಿದೆ, ನೆರಳಲ್ಲಿ ಎಲೆ ಮಾತ್ರ ಬಂತು, ಆಮೇಲೆ ಕರಿಮುಂಡ ತಳಿ ಹಾಕಿದ್ದು, ಅದು ನೆರಳು ತಡೀತದೆ. ಪುನರ್ಪುಳಿ ನಾನು ನೆಟ್ಟದ್ದಲ್ಲ, ಮಂಗ ಮತ್ತು ಪುನುಗು ಬೆಕ್ಕು ಬಿತ್ತಿದ್ದು. ಇದ್ರಲ್ಲಿ ಗಂಡು ಬೇರೆ ಹೆಣ್ಣು ಬೇರೆ, ಹೂ ಬಿಡುವವರೆಗೆ ಗೊತ್ತಾಗುದಿಲ್ಲ, 31 ಗಿಡದಲ್ಲಿ 17 ಗಂಡು ಬಂತು. ಕಡಿಯುವ ಅಂತ ಮನಸ್ಸಾಗ್ತದೆ, ಕಡೀಬೇಡಿ. 5 ಗಂಡು ಹಾಗೇ ಬಿಟ್ಟು ಉಳಿದದ್ದಕ್ಕೆ ಒಳ್ಳೆ ಹುಳಿ ಇರುವ ಹೆಣ್ಣು ಮರದ ಕುಡಿ ತಂದು ಕಸಿ ಕಟ್ಟಿದೆವು, 9 ಹಿಡೀತು. ಹಣ್ಣು ಎಪ್ರಿಲ್ ಮೇ ತಿಂಗಳಲ್ಲಿ, ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಒಳಗೆ ಸಿಪ್ಪೆ ಒಣಗಿ ಆಗ್ಬೇಕು, ಮಳೆ ಹಿಡಿದ್ರೆ ಬೂಸಲು. ನನ್ನ ಹೆಂಡತಿ ಸಿರಪ್ ಮಾಡಿ ಊರಲ್ಲೇ ಮಾರ್ತಾಳೆ, ಸಿಪ್ಪೆಗಿಂತ ಅದ್ರಲ್ಲೇ ಹೆಚ್ಚು ಸಿಗ್ತದೆ. ಕಾಟುಮಾವಿನ ಮಿಡಿ, ತೊಡುವೆ ಜೇನಿನ 6 ಪೆಟ್ಟಿಗೆ, ಸೌದೆ, ಒಟ್ಟು ಸೇರಿಸಿ ಹೋದ ವರ್ಷ ಖರ್ಚು ಕಳೆದು 70 ಸಾವಿರದ ಹತ್ರ ಉಳೀತು. ತೋಟಕ್ಕೆ ಬಿದ್ದ ಸೊಪ್ಪು ತರಗೆಲೆ ಈ ಲೆಕ್ಕದಲ್ಲಿ ಇಲ್ಲ. ರಬ್ಬರಿಗೆ ಒಳ್ಳೆ ರೇಟ್ ಇರುವಾಗ ಅದ್ರಲ್ಲಿ ಇದಕ್ಕಿಂತ ಹೆಚ್ಚು ಸಿಗ್ತದೆ, ಅದನ್ನು ಮುಚ್ಚಿಡುದಿಲ್ಲ. ಆದ್ರೆ ಸುರಂಗ ಮೊದಲು ಮಾರ್ಚಿಗೆ ಬತ್ತುತ್ತಿತ್ತು, ಈಗ ಎಪ್ರಿಲ್ ಕೊನೆವರೆಗೆ ನೂಲಿನ ಹಾಗಾದ್ರೂ ಬರ್ತದೆ, ಅಡಿಕೆಗೆ ಆ ಒಂದು ತಿಂಗಳ ನೀರಿನ ಬೆಲೆ ಎಷ್ಟು ಅಂತ ತೋಟ ಇದ್ದವರಿಗೆ ಗೊತ್ತುಂಟು.

ಮರ ಮಾರುವಾಗ ಎಚ್ಚರ. ಒಂದು ಸಲ ಸೌದೆ ವ್ಯಾಪಾರಿಯೊಬ್ರಿಗೆ ಗುರುತು ಹಾಕಿ ಕೊಟ್ಟು ನಾನು ಮದುವೆಗೆ ಹೋಗಿದ್ದೆ, ಬರುವಾಗ ಗುರುತಿಲ್ಲದ 11 ಮರ ಲೋಡಾಗಿತ್ತು, ಅದ್ರಲ್ಲಿ 2 ಹೊನ್ನೆ. ಈಗ ಕಡಿಯುವ ದಿನ ನಾನು ಅಲ್ಲೇ ಇರ್ತೇನೆ. ಕಾನೂನೂ ತಿಳ್ಕೊಳ್ಳಿ. ನಮ್ಮ ಕೇರಳದಲ್ಲಿ 2005ರ ಮರ ಬೆಳೆಸುವ ಕಾನೂನು ಇದೆ, ಸ್ವಂತ ಜಾಗೆಯ ಮರ ಕಡಿಯುವ ಹಕ್ಕು ಕೊಡ್ತದೆ, ಆದ್ರೆ ಶ್ರೀಗಂಧ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ, ತೇಗ, ಬೀಟೆ, ಇರೂಳು, ಬೋಗಿ ಇಂಥದ್ದಕ್ಕೆ ಮೊದಲೇ ಫಾರೆಸ್ಟ್ ಆಫೀಸಿನಲ್ಲಿ ವಿಚಾರಿಸಿ ಕಾಗದ ಸರಿ ಮಾಡ್ಕೊಳ್ಬೇಕು. ಇನ್ನು ಕಾಡು ಬೆಳೆಸಿದ್ರೆ ಸರ್ಕಾರ ತಗೊಳ್ತದೆ ಅನ್ನುವ ಹೆದರಿಕೆ ಊರಲ್ಲಿ ಬಹಳ ಉಂಟು, ಅದು ಸುಮ್ಮನೆ ಹುಟ್ಟಿದ್ದಲ್ಲ. ಪರಿಸರ ಸೂಕ್ಷ್ಮ ಜಾಗೆಯ 2003ರ ಕಾನೂನು ರಿಸರ್ವ್ ಕಾಡಿಗೆ ತಾಗಿದ ಅಥವಾ ಅದರ ನಡುವೆ ಇರುವ ಖಾಸಗಿ ಕಾಡಿಗೆ ಅನ್ವಯ ಆಗ್ತದೆ. ನಮ್ಮದಕ್ಕೆ ಮೂರು ಬದಿ ತೋಟ, ಒಂದು ಬದಿ ಪದವು, ಹಾಗಾಗಿ ನಾನು ಧೈರ್ಯ ಮಾಡಿದ್ದು. ಕಾಡಿನ ಬದಿಯಲ್ಲೇ ಜಾಗೆ ಇರುವವರು ಗೇರು ಕಡಿದು ಖಾಲಿ ಇಟ್ಟುಕೊಳ್ಳುದು ಈ ಹೆದರಿಕೆಯಿಂದಲೇ, ಮರ ಉಳಿಸಿದವನಿಗೆ ಕಷ್ಟ ಕೊಡುವ ಈ ಸ್ಥಿತಿ ಬದಲಾಗ್ಲೇಬೇಕು.

ಮಗಳು ಒಂದು ವಿಷಯ ಓದಿ ಹೇಳಿದ್ಲು. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು, ಅಮೆರಿಕ ಖಂಡದ ಉಷ್ಣವಲಯ ಮತ್ತು ಪಶ್ಚಿಮ ಆಫ್ರಿಕಾದ 77 ಕಡೆ ಇಂಥ ಮರುಹುಟ್ಟಿನ ಕಾಡು ನೋಡಿದ್ದಾರೆ. ಮಣ್ಣು ಸುಧಾರಿಸ್ಲಿಕ್ಕೆ 10 ವರ್ಷದೊಳಗೆ ಸಾಕು, ಮರದ ಜಾತಿಗಳ ಸಂಖ್ಯೆ ತುಂಬಲಿಕ್ಕೆ 25ರಿಂದ 60 ವರ್ಷ, ಆದ್ರೆ ಹಳೇ ಕಾಡಿನಲ್ಲಿ ಇದ್ದ ಅದೇ ಜಾತಿಗಳು ಅದೇ ಪ್ರಮಾಣದಲ್ಲಿ ಬರ್ಲಿಕ್ಕೆ 120 ವರ್ಷಕ್ಕಿಂತ ಹೆಚ್ಚು. ಮಣ್ಣಿನದ್ದು ನಮ್ಮಲ್ಲೂ ಕಣ್ಣಿಗೆ ಕಾಣ್ತದೆ, ಮುರಕಲ್ಲಿನ ಮೇಲೆ ಕೈ ಹಾಕಿದ್ರೆ ನಾಲ್ಕು ಬೆರಳು ಕಪ್ಪು ಹುಡಿ ಸಿಗ್ತದೆ. ಆದ್ರೆ ರಾಮಪತ್ರೆ ಮರ ಒಂದೂ ತಾನಾಗಿ ಬರ್ಲಿಲ್ಲ, ಅಷ್ಟು ದೊಡ್ಡ ಬೀಜ ಹೊತ್ತು ತರ್ಬೇಕಾದ ಮಂಗಟ್ಟೆ ಹಕ್ಕಿ ಇಲ್ಲಿ ಅಪರೂಪ. ಹತ್ತಿರದ ಬನದಿಂದ ಬೀಜ ತಂದು ನಾನೇ ಹಾಕಿದೆ. ಬೋಗಿಯದ್ದೂ ಹಾಗೆ, ಬೀಜ ಬಿದ್ದ ಒಂದೆರಡು ವಾರದಲ್ಲೇ ಮಣ್ಣಿಗೆ ಹಾಕ್ಬೇಕು, ಇಟ್ರೆ ಹುಟ್ಟುದಿಲ್ಲ. ಈಚೆಗೆ ಎರಡು ವರ್ಷದಿಂದ ಕಾಸರ್ಕ ಮರದ ಹಣ್ಣಿಗೆ ಮಂಗಟ್ಟೆ ಜೋಡಿ ಬರ್ತಾ ಉಂಟು. ಅದಕ್ಕೇ ಪೊಟರೆ ಇರುವ ಒಣ ಮರ 4 ಹಾಗೇ ನಿಲ್ಲಿಸಿದ್ದೇನೆ, ಸೌದೆಗೆ ಕೇಳಿದವರಿಗೆ ಕೊಡ್ಲಿಲ್ಲ.

ಈಗ ತೆಗೀಲಿಕ್ಕೆ ಉಳಿದಿರುವುದು ಮೇಲಿನ ಮೂಲೆಯ ಅಕೇಶಿಯಾ, ಅದು ಇಲ್ಲಿಯ ಮರ ಅಲ್ಲ. ಒಟ್ಟಿಗೆ ಕಡಿದ್ರೆ ಬಿಸಿಲು ಬಿದ್ದು ಹಳೇ ತಪ್ಪೇ ಆಗ್ತದೆ, ಹಾಗಾಗಿ ವರ್ಷಕ್ಕೆ 12ರಂತೆ ತೆಗೀತಿದ್ದೇನೆ, ತೆಗೆದಲ್ಲಿ ಸರೋಳಿ ಮತ್ತು ಕುಂಟಾಲ ಬಂದಾಗಿದೆ. ಈ ಸಲದ 12ಕ್ಕೆ ಗೆರೆ ಹಾಕಿ ಇಟ್ಟಿದ್ದೇನೆ, ಮಳೆ ನಿಂತ ಮೇಲೆ ಜನ ಬರ್ತಾರೆ.