ಕಲಬುರಗಿಯಲ್ಲಿ ಕೂತು ಸಮುದ್ರ ನೀತಿಗೆ ಸಲಹೆ ಬರೆದಿದ್ದು

2021ರ ಫೆಬ್ರವರಿಯಲ್ಲಿ ಕೇಂದ್ರದ ಭೂ ವಿಜ್ಞಾನ ಸಚಿವಾಲಯ ನೀಲಿ ಆರ್ಥಿಕತೆ (ಅಂದರೆ ಕಡಲ ಸಂಪತ್ತನ್ನು ಹಾಳು ಮಾಡದೆ ಬಳಸಿ ದುಡಿಯುವುದು) ನೀತಿಯ ಕರಡು ಹೊರತಂದು ಅಭಿಪ್ರಾಯ ಕೇಳಿತು. ಕಲಬುರಗಿಯ ನಾವು ಕೆಲವು ಗೆಳೆಯರು ಕೂಡಿ ಸಲಹೆ ಬರೆದು ಕಳಿಸಿದೆವು. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ, ನಿಜ. ಆದರೆ ನಮ್ಮ ಭೀಮಾ ನದಿ ರಾಯಚೂರು ಕಡೆ ಹೋಗಿ ಕೃಷ್ಣೆಗೆ ಸೇರುತ್ತೆ, ಕೃಷ್ಣೆ ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿಗೆ. ಬೀದರಿನ ಮಾಂಜ್ರಾ ನೀರೂ ಗೋದಾವರಿ ಸೇರಿ ಅಲ್ಲಿಗೇ ಹೋಗುತ್ತೆ.

ಕರಡು ಓದುವಾಗ ಪುಟದ ಪಕ್ಕ ಒಂದೇ ಪ್ರಶ್ನೆ ಬರೆದುಕೊಂಡೆ: ಇದು ಯಾರ ಜವಾಬ್ದಾರಿ? ದಡದಿಂದ 12 ನಾಟಿಕಲ್ ಮೈಲಿ ತನಕ ಮೀನುಗಾರಿಕೆ ರಾಜ್ಯದ್ದು, ಅದರಾಚೆ 200 ಮೈಲಿ ತನಕ ಕೇಂದ್ರದ್ದು. ದಡಕ್ಕೆ 2019ರ ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ. ಅದು ನದಿಯೊಳಗೂ ಸ್ವಲ್ಪ ದೂರ ಬರುತ್ತೆ, ಆದರೆ ಕಡು ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಪಾಲು ಇರುವ ಜಾಗಕ್ಕೆ ನಿಂತುಬಿಡುತ್ತೆ. ಅಲ್ಲಿಂದ ಮೇಲಕ್ಕೆ ನೀರಿನ ಮಾಲಿನ್ಯ ತಡೆಯುವ 1974ರ ಜಲ ಕಾಯ್ದೆ, ಅದನ್ನು ನೋಡಿಕೊಳ್ಳುವ ಮಾಲಿನ್ಯ ನಿಯಂತ್ರಣ ಮಂಡಳಿಗಳು. ಈ ಎರಡರ ನಡುವಿನ ಕೊಂಡಿಯೇ ನಮ್ಮ ಸಲಹೆಯ ವಿಷಯವಾಯಿತು.

ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆ ನೀರಿಗೆ ಭತ್ತ ಜಾಸ್ತಿ, ಯೂರಿಯಾನೂ ಜಾಸ್ತಿ. ಅಲ್ಲಿನ ರೈತರೊಬ್ಬರು, “ಸಮುದ್ರಕ್ಕೂ ನಮಗೂ ಏನ್ ಸಂಬಂಧ ರೀ ಸರ್?” ಅಂದರು. ಕೇಳಲೇಬೇಕಾದ ಪ್ರಶ್ನೆ. ಗದ್ದೆಯಿಂದ ಬಸಿದ ನೀರಲ್ಲಿ ಸಾರಜನಕ ಕರಗಿರುತ್ತೆ. ಆ ನೀರು ಕೃಷ್ಣೆಗೆ ಸೇರುತ್ತೆ. ಕೃಷ್ಣೆಗೆ ಕಟ್ಟಿದ ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳು ಹೂಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಕರಗಿದ್ದನ್ನು ಪೂರ್ತಿ ತಡೆಯಲಾರವು. ಹೀಗೆ ಹೋದ ಸಾರಜನಕ ಕಡಲಲ್ಲಿ ಪಾಚಿ ಬೆಳೆಸುತ್ತೆ, ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ ಇಲ್ಲಾ ದೂರ ಹೋಗುತ್ತವೆ. ಇನ್ನೊಂದು ಕಡೆ ಹೂಳು ಬರದೆ ಕೃಷ್ಣೆಯ ಮುಖದ ದಡ ಸವೆಯುತ್ತೆ. ಕಡಲಿಗೆ ಬೇಕಾದ್ದು ಮೇಲೇ ನಿಂತಿತು, ಬೇಡದ್ದು ತಲುಪಿತು, ಅಲ್ವಾ?

“ಸಮುದ್ರ ಉಳಿಸಿ” ಅಂತ ಸುಮ್ನೆ ಬರೆದರೆ ಓದುವ ಅಧಿಕಾರಿ ಏನು ಮಾಡಬೇಕು? ಅದಕ್ಕೇ ಕರಡಿನ ಯಾವ ಜಾಗದಲ್ಲಿ ಯಾವ ಸಾಲು ಸೇರಬೇಕು ಅಂತ ನೇರವಾಗಿ ಬರೆದೆವು. ಕರಾವಳಿ ಯೋಜನೆ ಮಾಡುವಾಗ ನದಿಯ ಮೇಲ್ಭಾಗದ ಜಿಲ್ಲೆಗಳನ್ನೂ ಕೂರಿಸಿಕೊಳ್ಳಿ. ನದಿ ಮುಖದಲ್ಲಿ ಸಾರಜನಕ, ರಂಜಕ, ಪ್ಲಾಸ್ಟಿಕ್, ಹೂಳು ಅಳೆದು ಆ ಲೆಕ್ಕ ನಮಗೂ ಕೊಡಿ. ನಾನು ಹಟ ಹಿಡಿದಿದ್ದು ಲೆಕ್ಕದ ಭಾಗಕ್ಕೆ: ಕರಡಿನ ಏಳು ವಿಷಯಗಳಲ್ಲಿ ಮೊದಲನೆಯದೇ ಕಡಲಿನ ಆರ್ಥಿಕತೆಯ ರಾಷ್ಟ್ರೀಯ ಲೆಕ್ಕ, ಅಲ್ಲಿ ಆದಾಯ ಎಣಿಸುವಾಗ ಕಡಲಿಗೆ ಆದ ಹಾನಿಯನ್ನೂ ಕಳೆಯಲೇಬೇಕು ಅಂತ.

ಗೆಳೆಯರೊಬ್ಬರಿಗೆ ಇದೆಲ್ಲ ಕೊನೆಗೆ ರೈತರ ತಲೆಗೆ ಬರುತ್ತೆ ಅನ್ನೋ ಆತಂಕ ಇತ್ತು. ಅವರ ಮಾತು ಸರಿ ಅನ್ನಿಸಿತು. ಹಾಗಾಗಿ ದಂಡದ ಮಾತೇ ಬೇಡ, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ ಹಾಕಲು ನೆರವು ಕೊಡಿ, ಊರಿನ ಚರಂಡಿ ನೀರನ್ನು ನದಿಗೆ ಬಿಡುವ ಮೊದಲು ಶುದ್ಧ ಮಾಡಲು ದುಡ್ಡು ಕೊಡಿ ಅಂತ ಸೇರಿಸಿ ಕಳಿಸಿದೆವು.