ಮಂಡಕ್ಕಿ ಬಿಡಬೇಡಿ, ಕಾಳು ಸೇರಿಸಿ

ದಾವಣಗೆರೆಯಲ್ಲಿ ತೂಕ ಇಳಿಸಲು ಹೊರಟವರು ಮೊದಲು ಬಿಡುವುದು ಬೆಣ್ಣೆ ದೋಸೆ, ಆಮೇಲೆ ರಾತ್ರಿ ಊಟ. ನಾನೂ ಹಾಗೇ ಮಾಡಿದ್ದೆ. ನಾಲ್ಕು ಕೆಜಿ ಇಳಿಯಿತು, ಮೆಟ್ಟಿಲು ಹತ್ತುವಾಗ ಕಾಲು ನಡುಗತೊಡಗಿತು. ಹೀಗೆ ಸುಮ್ನೆ ಹೊಟ್ಟೆ ಕಟ್ಟಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳಲು ಪ್ರೊಟೀನ್ ಬೇಕು.

ಮೊದಲು ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುವ ಪ್ರಮಾಣ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಈಗ ನಿನ್ನೆ ತಿಂದದ್ದನ್ನೆಲ್ಲ ಬರೆಯಿರಿ. ಮಧ್ಯಾಹ್ನದ ಜೋಳದ ರೊಟ್ಟಿ, ಕಾಳು ಪಲ್ಯ ಪರವಾಗಿಲ್ಲ. ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೊಟೀನಿನ ಅಂಶ ಕಾಳಿನಲ್ಲಿ ಧಾರಾಳ. ಎರಡೂ ಸೇರಿದರೆ ಸರಿಹೋಗುತ್ತದೆ, ನಮ್ಮ ಅಜ್ಜಿಯರು ಲೈಸಿನ್ ಹೆಸರು ಕೇಳದೆಯೇ ಬಡಿಸುತ್ತಿದ್ದರು. ಬರಿದಾಗಿರುವುದು ಬೆಳಗಿನ ತಟ್ಟೆ. 50 ಗ್ರಾಂ ಮಂಡಕ್ಕಿಯ ಒಗ್ಗರಣೆಯಲ್ಲಿ ನಾಲ್ಕು ಗ್ರಾಂ ಪ್ರೊಟೀನ್ ಸಿಕ್ಕರೆ ಜಾಸ್ತಿ. ಹನ್ನೊಂದು ಗಂಟೆಗೇ ಹೊಟ್ಟೆ ಚುರುಗುಟ್ಟುವುದು ಅದಕ್ಕೇ.

ಹಾಗಾಗಿ ಬೆಳಗಿನಿಂದಲೇ ಶುರು ಮಾಡಿ. ಹಿಂದಿನ ದಿನ ಬೆಳಿಗ್ಗೆ ತಲೆಗೆ 40 ಗ್ರಾಂ ಹೆಸರುಕಾಳು ನೆನೆಹಾಕಿ. ಸಂಜೆ ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ. ಬಟ್ಟೆಯಿಂದ ನೀರು ತೊಟ್ಟಿಕ್ಕುವಂತಿದ್ದರೆ ಬೆಳಿಗ್ಗೆ ಹುಳಿ ವಾಸನೆ ಬರುತ್ತದೆ, ಚೆನ್ನಾಗಿ ಹಿಂಡಿ. ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಬಾಲದಂಥ ಬಿಳಿ ಮೊಳಕೆ, ಚಳಿಗಾಲದಲ್ಲಿ ಇನ್ನರ್ಧ ದಿನ. ಈರುಳ್ಳಿ ಬಾಡಿಸುವಾಗಲೇ ಕಾಳು ಹಾಕಿ ಬೇಯಿಸಿ, ಆಮೇಲೆ ನೆನೆಸಿ ಹಿಂಡಿದ ಮಂಡಕ್ಕಿ. ಕಾಳಿನಿಂದ 9 ಗ್ರಾಂ ಬಂತು. ಜೊತೆಗೆ ಒಂದು ಲೋಟ ಹಾಲೋ ಒಂದು ಮೊಟ್ಟೆಯೋ, ಇನ್ನು 6. ಚಳ್ಳಕೆರೆ ಕಡೆಯ ಶೇಂಗಾ ಒಂದು ಸಣ್ಣ ಹಿಡಿ ಸಾಕು. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೊಟೀನ್ ಇದೆ ನಿಜ, 560ರಷ್ಟು ಕ್ಯಾಲೊರಿಯೂ ಇದೆ.

ಪ್ರೊಟೀನ್ ಬೇಗ ಹಸಿವಾಗಲು ಬಿಡುವುದಿಲ್ಲ. ಅದನ್ನು ಅರಗಿಸಲು ದೇಹವೂ ಜಾಸ್ತಿ ದುಡಿಯಬೇಕು: ನೂರು ಕ್ಯಾಲೊರಿ ಪ್ರೊಟೀನ್ ತಿಂದರೆ 20ರಿಂದ 30 ಅರಗಿಸುವುದಕ್ಕೇ ಖರ್ಚು. ಅನ್ನ, ರೊಟ್ಟಿಯ ಪಿಷ್ಟಕ್ಕೆ 5ರಿಂದ 10. ಎಣ್ಣೆ, ಬೆಣ್ಣೆಗೆ ಮೂರು ದಾಟುವುದಿಲ್ಲ. ಹಾಗಂತ ಇದೇನು ಮ್ಯಾಜಿಕ್ ಅಲ್ಲ. ಹೆಚ್ಚಾಗಿ ತಿಂದರೆ ಪ್ರೊಟೀನ್ ಕೂಡ ಮೈಗೆ ಹತ್ತುತ್ತದೆ.

ಇಷ್ಟಾದ ಮೇಲೆ ಸ್ನಾಯುವಿಗೆ ಕೆಲಸ ಕೊಡಿ. ಜಿಮ್ಮಿನವರೊಬ್ಬರು ನನಗೆ ದುಬಾರಿ ಪ್ರೊಟೀನ್ ಪುಡಿಯ ಡಬ್ಬಿ ದಾಟಿಸಿದ್ದರು, ಅರ್ಧ ಇನ್ನೂ ಕಪಾಟಿನಲ್ಲಿದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತು ನೋಡಿ, ದಿನಕ್ಕೆ ಮೂರು ಸುತ್ತು. ನಲವತ್ತು ದಾಟಿದವರು ಇದನ್ನು ತಪ್ಪಿಸಲೇಬಾರದು.

ಹದಿನೈದು ದಿನಕ್ಕೊಮ್ಮೆ ಸೊಂಟಕ್ಕೆ ಟೇಪು ಹಿಡಿಯಿರಿ. ತೂಕದ ಮುಳ್ಳು ಅಲುಗದಿದ್ದರೂ ಸೊಂಟ ಸಣ್ಣಗಾಗಿದ್ದರೆ ದಾರಿ ಸರಿ ಇದೆ. ಎರಡೂ ಇಳಿಯದಿದ್ದರೆ, ಸಂಜೆ ಮಂಡಕ್ಕಿ ಜೊತೆ ಎಷ್ಟು ಮಿರ್ಚಿ ಹೋಗುತ್ತಿದೆ ಅಂತ ಎಣಿಸಿ.